ಸಣ್ಣ ಜೆ, ದೊಡ್ಡ ಜೆ

ಗೆಳೆಯರೇ, ಮೌಸ್ ಇಲ್ಲದೆ ಎಲ್ಲವನ್ನೂ ಕೀಲಿ ಒತ್ತಿಯೇ ಮಾಡಬೇಕಾದ ವಿಐ ಎಡಿಟರನ್ನು ಫೋನಿನಲ್ಲಿ ಯಾರಿಗೂ ಕಲಿಸಬೇಡಿ. ಇಂದು ಶಿವಾಜಿನಗರದ ನಮ್ಮ ಕಾಲೇಜಿನಲ್ಲಿ ಪರೀಕ್ಷೆ. ಅರ್ಧ ಗಂಟೆ ಉಳಿದಿರುವಾಗ ಆಫೀಸಿನ ದೇಶಪಾಂಡೆಬಾಯಿ ಕಂಪ್ಯೂಟರ್ ವಿಭಾಗದಲ್ಲಿದ್ದ ನನಗೆ ಫೋನ್ ಮಾಡಿದರು. ಆಸನಗಳ ಯಾದಿಯಲ್ಲಿ ಒಂದು ಹೆಸರು ತಿದ್ದಬೇಕಿತ್ತು, ಕೆಳಗಿನ ಸಾಲಿಗೆ ಹೋಗುವುದು ತಿಳಿದಿರಲಿಲ್ಲ.

“ಜೆ ಒತ್ರಿ, ಕೆಳಗ ಹೋಗ್ತದ.”

“ಹೋಗವಲ್ದ್ರಿ.”

“ಮತ್ತ ಒತ್ರಿ. ಇನ್ನೂ ಒತ್ರಿ.”

“ಅಯ್ಯ, ನಾ ಕೆಳಗ ಹೋಗಂದ್ರ ಕೆಳಗಿನ ಹುಡುಗ್ರು ಮ್ಯಾಲ ಬರ್ಲಿಕ್ಕತ್ತಾರ್ರಿ! ಎಲ್ಲಾರೂ ಒಂದ ಸಾಲಿನ್ಯಾಗ ನಿಂತಾರ!”

ಮೂರು ಮಹಡಿ ಹತ್ತಿ ಓಡಿದೆ. ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿತ್ತು. ಸಣ್ಣ ಜೆ ನಮ್ಮನ್ನು ಕೆಳಗಿಳಿಸುತ್ತದೆ, ದೊಡ್ಡ ಜೆ ಕೆಳಗಿನ ಸಾಲನ್ನೇ ಮೇಲೆಳೆದು ಅಂಟಿಸುತ್ತದೆ. ಕಿಟಕಿಯಲ್ಲಿ ಹುಡುಗರು “ಯಾದಿ ಕಧೀ ಲಾವಣಾರ?” ಎಂದು, ಯಾದಿ ಯಾವಾಗ ಹಚ್ಚುತ್ತೀರೆಂದು ಮರಾಠಿಯಲ್ಲಿ ಕೂಗುತ್ತಿದ್ದರು. ಲಾಕ್ ತೆಗೆದು, ಬೆವರುತ್ತ, ಮಾಡಿದ್ದನ್ನು ರದ್ದು ಮಾಡುವ ಯು ಒತ್ತುತ್ತ ಹೋದೆ. ಹೆಸರುಗಳು ಒಂದೊಂದಾಗಿ ತಮ್ಮ ಸಾಲಿಗೆ ಇಳಿದವು. ಪರೀಕ್ಷೆಗೆ ಐದು ನಿಮಿಷವಿದ್ದಾಗ, ಹೆಸರು ತಿದ್ದಿದ ಯಾದಿ ಮುದ್ರಣವಾಗಿ ಗೋಡೆ ಸೇರಿತು.

“ದೊಡ್ಡ ಜೆ ಯಾಕ ಒತ್ತಿದ್ರಿ?” ಎಂದು ಸಿಡುಕಿದೆ.

ದೇಶಪಾಂಡೆಬಾಯಿ ಕೀಬೋರ್ಡನ್ನು ನನ್ನತ್ತ ತಳ್ಳಿದರು. “ಇದರ ಮ್ಯಾಲ ಬರ್ದಿದ್ದು ದೊಡ್ಡ ಜೆನ ಅದಲ್ರಿ. ಸಣ್ಣದು ಎಲ್ಲದ, ತೋರಸ್ರಿ.”

ನಾನೂ ಹುಡುಕಿದೆ. ಎಲ್ಲೂ ಇರಲಿಲ್ಲ.