ಅಕ್ಕನ ಅಳಿಲು

ನಮ್ಮ ಮನೆಯಲ್ಲಿ ಯಾರಾದರೂ ಇದ್ದದ್ದಕ್ಕಿಂತ ಹೆಚ್ಚು ಹೇಳಿದರೆ ಅದಕ್ಕೊಂದು ಹೆಸರಿತ್ತು: ಅಕ್ಕನ ಅಳಿಲು. ನೆಂಟರೊಬ್ಬರು ಬಂದು ನಮ್ಮೂರ ಮಾವಿನ ಹಣ್ಣು ತೆಂಗಿನಕಾಯಿಯಷ್ಟಿರುತ್ತೆ ಅಂದರೆ ಸಾಕು, ಅವರು ಆಚೆ ಹೋಗುವುದನ್ನೇ ಕಾಯ್ದು ಯಾರಾದರೊಬ್ಬರು 'ಅಕ್ಕನ ಅಳಿಲು' ಅನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಥೆ ಇಷ್ಟೇ. ಅಕ್ಕ ಚಿಕ್ಕವಳಿದ್ದಾಗ ಅಮ್ಮ ಯಾವುದೋ ಹರಕೆಗೆಂದು ನಮ್ಮಿಬ್ಬರನ್ನೂ ಕರೆದುಕೊಂಡು ಸಂಗಮಕ್ಕೆ ಹೋಗಿದ್ದಳು. ಉಯ್ಯಂಬಳ್ಳಿ ದಾಟಿ, ಅರ್ಕಾವತಿ ಕಾವೇರಿಗೆ ಸೇರುವ ಕಡೆ. ನಾನು ಅಮ್ಮನ ಸೊಂಟದ ಮೇಲಿದ್ದೆನಂತೆ, ಆದ್ದರಿಂದ ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಅಮ್ಮ ಬಟ್ಟೆ ಹಿಂಡುತ್ತಿದ್ದಾಗ, ದಡದ ಹೊಳೆಮತ್ತಿ ಮರದ ಮೇಲೆ ಬೆಕ್ಕಿನಷ್ಟು ದೊಡ್ಡ ಅಳಿಲೊಂದು ಕೂತು ತನ್ನನ್ನೇ ನೋಡುತ್ತಿದ್ದದ್ದನ್ನು ಅಕ್ಕ ಕಂಡಳು. ಕೂಗಿ ಕರೆಯುವಷ್ಟರಲ್ಲಿ ಅದು ಇಲ್ಲ. 'ಯಾವುದೋ ಕೋತಿನೋ ಮುಸಿಯನೋ ಇರ್ಬೇಕು' ಅಂದಳು ಅಮ್ಮ. ಅಲ್ಲಿಂದ ಶುರುವಾದ ತಮಾಷೆ ನಿಲ್ಲಲೇ ಇಲ್ಲ.

ತವರಲ್ಲಿ ಮಾತ್ರ ಆಗಿದ್ದರೆ ಸರಿ. ಕನಕಪುರದ ಹತ್ತಿರದ ರೇಷ್ಮೆ ಬೆಳೆಯುವ ಮನೆಗೆ ಅಕ್ಕನನ್ನು ಕೊಟ್ಟರು. ಹೊಸದರಲ್ಲಿ, ಪಾಪ, ಪ್ರೀತಿಯಿಂದ ಗಂಡನಿಗೆ ಅಳಿಲಿನ ವಿಷಯ ಹೇಳಿದ್ದಾಳೆ. ಭಾವ ಒಳ್ಳೆಯವರು, ಆದರೆ ಬಾಯಲ್ಲಿ ಮಾತು ನಿಲ್ಲದ ಆಸಾಮಿ. ಮಾರನೆಯ ದಿನವೇ ಅತ್ತೆ, ಮಾವ, ಮೈದುನರಿಗೆಲ್ಲ ಗೊತ್ತಾಯಿತು. ಆಮೇಲೆ ಆ ಮನೆಯಲ್ಲಿ ಅಕ್ಕ ಏನು ಹೇಳಿದರೂ ಅರ್ಧ ಕಳೆದು ಕೇಳಿಸಿಕೊಳ್ಳುವುದು ಪದ್ಧತಿಯಾಯಿತು. ತೋಟದಲ್ಲಿ ಮಾರುದ್ದ ಹಾವು ಕಂಡೆ ಅಂದರೆ ಎರೆಹುಳ ಇರಬೇಕು ಅನ್ನುವುದು. ಒಂದು ಸಲ ರೇಷ್ಮೆಹುಳುವಿಗೆ ಹಾಲುರೋಗ ಹತ್ತಿದ್ದನ್ನು ಮೊದಲು ನೋಡಿದವಳು ಅವಳೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ಬೆಳೆ ತಿಪ್ಪೆಗೆ ಹೋಯಿತು. ಆಗಲೂ ಯಾರೂ, ಅವಳು ಹೇಳಿದ್ದಳಲ್ಲ, ಅನ್ನಲಿಲ್ಲ. ಅಕ್ಕ ನನಗೆ ಅದನ್ನು ಹೇಳಿದ್ದು ನಗುತ್ತಲೇ. ನನಗೆ ಮಾತ್ರ ನಗು ಬರಲಿಲ್ಲ.

ನಾನು ಚನ್ನಪಟ್ಟಣದಲ್ಲಿ ಮೇಡಂ ಆಗಿದ್ದೆ. ಶಾಲೆಯ ಮಕ್ಕಳ ಜೊತೆ ಸಂಗಮಕ್ಕೆ ಟ್ರಿಪ್ ಹೋದಾಗ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಮಾತಿನ ಮಧ್ಯೆ, ಈ ಕಾಡಲ್ಲಿ ಬೂದು ಬಣ್ಣದ ದೊಡ್ಡ ಅಳಿಲಿದೆ, ಅದಕ್ಕೆಂದೇ ಹಳೇ ಮರಗಳನ್ನು ಜೋಪಾನ ಮಾಡುತ್ತೇವೆ ಅಂದರು. ನನಗೆ ತಟ್ಟನೆ ಅಕ್ಕ ನೆನಪಾದಳು. ಭಾನುವಾರವೇ ಅಕ್ಕನ ಮನೆಗೆ ಹೋಗಿ ಹೇಳಿದೆ.

'ಗಾರ್ಡು ಇನ್ನೇನ್ ಹೇಳಾನು?' ಭಾವ ಅಂದರು. 'ಬಂದೋರು ಕುಸಿಯಾಗಿ ಓಗ್ಲಿ ಅಂತ ಹೇಳಿರ್ತಾನೆ. ಕಣ್ಣಲ್ಲಿ ನೋಡ್ದ ಮೇಲೆ ಒಪ್ಕತೀನಿ.'

'ನಾನ್ ಬತ್ತೀನಿ ಕಣೆ, ಕರ್ಕೊಂಡೋಗು,' ಅಂದಳು ಅಕ್ಕ.

ಆದರೆ ಯಾವತ್ತು ಹೋಗುವುದು? ರೇಷ್ಮೆ ಮನೆಯ ಹೆಂಗಸಿಗೆ ರಜ ಇಲ್ಲ. ಒಂದು ಬೆಳೆ ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ತಟ್ಟೆ ತೊಳೆದು ಮುಂದಿನ ಮರಿಹುಳುವಿಗೆ ಜಾಗ ಮಾಡಬೇಕು. ಇರುವುದು ಒಂದೇ ಸಂದು: ಹುಳು ಜ್ವರಕ್ಕೆ ಕೂತಾಗ. ಪೊರೆ ಕಳಚುವ ಮುಂಚೆ ಹುಳು ತಲೆಯೆತ್ತಿ, ಸೊಪ್ಪು ಮುಟ್ಟದೆ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಅಷ್ಟು ಹೊತ್ತು ಮಾತ್ರ ಮನೆಯವರಿಗೆ ಉಸಿರು. ಎದ್ದ ಮೇಲೆ ಅದರ ಹಸಿವು ಕೇಳಬೇಡಿ. ಹಾಗಾಗಿ ನಾಲ್ಕನೇ ಜ್ವರದ, ಅಂದರೆ ಕೊನೆಯ ಜ್ವರದ ದಿನ ಹೊರಡುವುದು, ಸಂಜೆ ಹುಳು ಏಳುವ ಮುಂಚೆ ವಾಪಸು ಬರುವುದು ಅಂತ ನಿಶ್ಚಯವಾಯಿತು. ಭಾವನೂ ಬಂದರು, ಅಕ್ಕ ಸೋಲುವುದನ್ನು ಖುದ್ದಾಗಿ ನೋಡಬೇಕಲ್ಲ.

ಬೆಳಗಿನ ಬಸ್ಸು ಹಿಡಿದು ಇಳಿದಾಗ, ಮೊದಲೇ ಹೇಳಿಟ್ಟಿದ್ದರಿಂದ, ಗಾರ್ಡ್ ಕಾಯುತ್ತಿದ್ದರು. ಹೊಳೆಯ ದಡಕ್ಕೆ ಕರೆದುಕೊಂಡು ಹೋದರು. ಆ ಹೊಳೆಮತ್ತಿ ಮರಗಳನ್ನು ಹೇಗೆ ಹೇಳಲಿ? ನಾಲ್ಕು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಬಿಳಿಚು ಬೊಡ್ಡೆಗಳು, ಅಲ್ಲಲ್ಲಿ ತೊಗಟೆ ಸುಲಿದು ಒಳಗಿನ ನುಣುಪು ಕಾಣುತ್ತಿತ್ತು. ಬೇರುಗಳು ಮಂಡಿ ಮಡಚಿ ನೀರಿನ ಅಂಚಿಗೆ ಕೂತ ಮುದುಕಿಯರಂತಿದ್ದವು. ಮೇಲೆ ಕೊಂಬೆಗೆ ಕೊಂಬೆ ಹೆಣೆದು ಬಿಸಿಲೇ ಬೀಳುತ್ತಿರಲಿಲ್ಲ. ಅಕ್ಕ ಒಂದರ ಮೇಲೆ ಅಂಗೈ ಇಟ್ಟು, 'ಇದೇ ಮರ,' ಅಂದಳು.

'ನಿಂಗೆ ಎಲ್ಲಾ ಮರಾನೂ ಅದೇ ಮರಾನೆ,' ಅಂದರು ಭಾವ.

ಗಾರ್ಡ್ ಎತ್ತರದಲ್ಲಿ ಕಡ್ಡಿ, ಎಲೆ ಒಟ್ಟಿದ ಗೂಡು ತೋರಿಸಿದರು. ಭಾವ ಕಾಗೆಗೂಡು ಅಂದರು. ನೀರಿನಾಚೆ ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಮಡುವಿನಲ್ಲಿ ನೀರುನಾಯಿಗಳ ಸಂಸಾರವೊಂದು ತಲೆ ಎತ್ತಿ ನಮ್ಮನ್ನು ನೋಡಿ, ಏನೋ ಮಾತಾಡಿಕೊಂಡು ಮುಳುಗಿತು. ನನಗೆ ಹುಚ್ಚು ಹಿಡಿದಷ್ಟು ಸಂತೋಷ. ಅಕ್ಕ ಮಾತ್ರ ನೀರಿನ ಕಡೆ ತಿರುಗಲಿಲ್ಲ. ಕತ್ತು ನೋವು ಬಂದು, ಒಂದು ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು, ಮೇಲೇ ನೋಡುತ್ತಿದ್ದಳು.

ಮಧ್ಯಾಹ್ನ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಭಾವ, ಅಕ್ಕ ಮುಟ್ಟಿದ್ದ ಮರದ ಕೆಳಗೇ, ಟವೆಲ್ ಹಾಸಿ ಅಂಗಾತ ಮಲಗಿದರು. 'ಅಳಿಲು ಬಂದ್ರೆ ಎಬ್ಬುಸ್ಬೇಡಿ, ನಾಳೆ ಬರಕ್ಕೇಳಿ,' ಅಂದು ಕಣ್ಣು ಮುಚ್ಚಿದರು. ನಾವಿಬ್ಬರೂ ಗಾರ್ಡ್ ಹಿಂದೆ ದಡದಲ್ಲಿ ಬಹುದೂರ ಹೋದೆವು. ಇನ್ನೊಂದು ಗೂಡು ಸಿಕ್ಕಿತು, ಅರ್ಧ ಕಡಿದು ಬಿಸಾಡಿದ ಹುಣಸೆಕಾಯಿ ಸಿಕ್ಕಿತು. ಅಳಿಲು ಸಿಗಲಿಲ್ಲ. ಬಸ್ಸಿನ ಹೊತ್ತಾಗಿತ್ತು. ವಾಪಸು ಬರುವಾಗ ಅಕ್ಕ, 'ಓಗ್ಲಿ ಬುಡೆ, ಮರನಾದ್ರೂ ನೋಡಿದ್ನಲ್ಲ,' ಅಂದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಭಾವ ಎದ್ದು ಕೂತಿದ್ದರು. ಟವೆಲನ್ನು ಮಡಚುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಚುತ್ತಿದ್ದರು.

'ನಾನ್ ನೋಡ್ದೆ ಕಣೆ,' ಅಂದರು, ಅಕ್ಕನಿಗೆ.

'ಏನು ಭಾವ, ಬೆಕ್ಕಿನಷ್ಟಿತ್ತಾ?' ಅಂತ ನಾನು ಕಿಚಾಯಿಸಿದೆ. ಅವರೂ ಆಟಕ್ಕೇ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಗಾರ್ಡೂ ನಕ್ಕರು.

ಅಕ್ಕ ನಗಲಿಲ್ಲ. ಗಂಡನ ಎದುರಿಗೆ ಕುಕ್ಕರಗಾಲಲ್ಲಿ ಕೂತು, 'ಯಾವ್ ಕೊಂಬೆ ಮ್ಯಾಲೆ?' ಅಂತ ಕೇಳಿದಳು.

'ಅಗೋ, ಆ ಕವಲ್ ಐತಲ್ಲ, ಅಲ್ಲಿ. ನಾನ್ ಕೆಳಗೆ ಮನೀಕಂಡಿವ್ನಿ, ಅದು ಮ್ಯಾಲೆ ಮನೀಕಂಡೈತೆ. ನಂಗಿಂತ ಚೆಂದಾಗಿ.'

'ಬಾಲ ಇಳಿಬಿದ್ದಿತ್ತಾ?'

'ಇಳಿಬಿದ್ದಿತ್ತು. ಮೈಯಷ್ಟೇ ಉದ್ದ. ಕೂಗನ ಅಂದ್ರೆ ಎಲ್ಲಿ ಓಡೋಯ್ತದೋ ಅಂತ ಬಾಯೇ ಬರ್ನಿಲ್ಲ. ನೀನ್ ಬರಗಂಟ ಇರ್ಲಪ್ಪಾ ಅಂದ್ಕೊಂಡು ಉಸ್ರು ಬಿಗಿ ಇಡ್ಕೊಂಡಿದ್ದೆ. ಎದ್ದೋಗ್ಬುಡ್ತು.'

ಆಗ ನನಗೆ ಗೊತ್ತಾಯಿತು, ಇದು ಆಟವಲ್ಲ ಎಂದು. ಆ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಆ ಖಾಲಿ ಕವಲನ್ನು ಸ್ವಲ್ಪ ಹೊತ್ತು ನೋಡಿದಳು. ಬಸ್ಸು ಹಾರ್ನ್ ಹೊಡೆಯಿತು, ನಾವು ಓಡಿದೆವು.

ಮನೆ ಸೇರಿದಾಗ ಸಂಜೆ. ಹುಳುಗಳು ಆಗಲೇ ಏಳಲು ಶುರುಮಾಡಿದ್ದವು. ಮೈದುನರು, ಅವರ ಹೆಂಡತಿಯರು, ಮಕ್ಕಳು ಎಲ್ಲರೂ ಹುಳುಮನೆಯಲ್ಲಿ ಸೊಪ್ಪು ಹಿಡಿದು ನಿಂತಿದ್ದರು. 'ಏನತ್ಗೆ, ಸಿಕ್ತಾ ಅಳಿಲು?' ಅಂದರು ದೊಡ್ಡ ಮೈದುನ.

ಅಕ್ಕ ಬಾಯಿ ತೆರೆಯುವ ಮುಂಚೆ ಭಾವ, 'ನಾನ್ ನೋಡ್ದೆ. ಬೆಕ್ಕಿಗಿಂತ ಒಸಿ ದೊಡ್ಡದೇಯ,' ಅಂದರು.

ಮನೆ ಕಿತ್ತುಹೋಗುವಷ್ಟು ನಗು. 'ಅಣ್ಣಂಗೂ ಅಂಟ್ಕತು ಕಣ್ರಲಾ!' ಅಂತ ಒಬ್ಬರು. 'ಒಟ್ಟೆ ತುಂಬಾ ತಿಂದು ಮನೀಕಂಡ್ರೆ ಆನೇನೂ ಕಾಣ್ತದೆ!' ಅಂತ ಇನ್ನೊಬ್ಬರು. ಭಾವ ದೇವರಾಣೆ ಅಂದರು, ಕೈ ಅಗಲಿಸಿ ಉದ್ದ ತೋರಿಸಿದರು. ತೋರಿಸಿದಷ್ಟೂ ನಗು ಹೆಚ್ಚಾಯಿತು. ಅವರ ಮುಖ ಕೆಂಪಾಯಿತು.

ಅಕ್ಕನಿಗೆ ಇದಕ್ಕಿಂತ ಒಳ್ಳೆಯ ಸಮಯ ಬೇರೆ ಸಿಗುತ್ತಿರಲಿಲ್ಲ. ನಾನಾಗಿದ್ದರೆ ಬಡ್ಡಿ ಸಮೇತ ತೀರಿಸುತ್ತಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ತಟ್ಟೆಯ ಮೇಲೆ ಸೊಪ್ಪು ಹರಡುತ್ತಲೇ, ತಲೆ ಎತ್ತದೆ, 'ನಗ್ಬೇಡಿ. ಅವ್ರು ನೋಡವ್ರೆ. ನಾನು ನಂಬ್ತೀನಿ,' ಅಂದಳು.

ನಗು ನಿಂತಿತು. ಹುಳುಗಳು ಸೊಪ್ಪು ಕಡಿಯುವ ಸದ್ದು ಸಣ್ಣಗೆ ಶುರುವಾಗಿತ್ತು. ಭಾವ ಹೋಗಿ ಅವಳ ಪಕ್ಕದಲ್ಲಿ ನಿಂತು, ಅವಳ ಕೈಯಿಂದ ಅರ್ಧ ಸೊಪ್ಪು ತೆಗೆದುಕೊಂಡರು.