ಬುಗ್ಗೆಯೆಂದು ಬರೆದ ನೀರುಗಂಟಿ

ಹೆರ್ಮಿಲೊ ಒಲ್ವೇರಾ ಅವರ ಬಲಗಿವಿಯ ಅಂಚಿನಲ್ಲಿ ಒಂದು ಗಟ್ಟಿ ಜಡ್ಡು ಇದೆ. ಮೂವತ್ತೊಂದು ವರ್ಷ ಅದೇ ಜಾಗಕ್ಕೆ ಕಬ್ಬಿಣದ ಸಲಾಕೆ ಒತ್ತಿ ಹಿಡಿದದ್ದರ ಗುರುತು ಅದು. ಸಲಾಕೆಯ ಒಂದು ತುದಿಯನ್ನು ರಸ್ತೆಗೆ ಊರಿ ಇನ್ನೊಂದಕ್ಕೆ ಕಿವಿಗೊಟ್ಟು ನಿಂತರೆ, ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಅವರು ಹೇಳಬಲ್ಲರು. ಚರಂಡಿ ಗೊಳಗೊಳ ಎನ್ನುತ್ತದೆ, ಒಡೆದ ಕೊಳವೆ ಕಾದ ಬಾಣಲೆಗೆ ನೀರು ಬಿದ್ದಂತೆ ಚುಂಯ್ ಎನ್ನುತ್ತದೆ. ಈ ಕೆಲಸಕ್ಕೆ ಭಾನುವಾರದ ಬೆಳಗು ಒಳ್ಳೆಯದು. ಊರೆಲ್ಲ ಪೂಜೆಗೆ ಹೋಗಿರುತ್ತದೆ, ರಸ್ತೆಯಲ್ಲಿ ಬಸ್ಸುಗಳು ಕಡಿಮೆ.

ಸಾನ್ ಎಲಿಯಾಸ್ ಎಂಬ ನಮ್ಮ ನಗರ ಗುಡ್ಡದ ಇಳಿಜಾರಿಗೆ ಅಂಟಿಕೊಂಡಿದೆ. ನೀರು ಮೇಲಿನ ಟ್ಯಾಂಕಿನಿಂದ ಒಂದೇ ದೊಡ್ಡ ಕೊಳವೆಯಲ್ಲಿ ಇಳಿದು, ಪೇನ್ಯಾ ಬ್ಲಾಂಕಾ ಬಡಾವಣೆಯ ಅಡಿಯಲ್ಲಿ ಹಾದು, ಮಾರುಕಟ್ಟೆ ದಾಟಿ, ಕೊನೆಗೆ ತಗ್ಗಿನ ಲಾ ಹೋಯಾ ಕೇರಿಯನ್ನು ಮುಟ್ಟಬೇಕು. ಮುಟ್ಟುತ್ತಿದ್ದದ್ದು ಒಂಬತ್ತು ದಿನಕ್ಕೊಮ್ಮೆ, ಎರಡು ಗಂಟೆ. ಹೆರ್ಮಿಲೊ ಅವರ ಮನೆ ಇರುವ ಪೇನ್ಯಾ ಬ್ಲಾಂಕಾಕ್ಕೆ ಅಷ್ಟೂ ಇರಲಿಲ್ಲ. ಕೊಳವೆ ಕಾಲಡಿಯಲ್ಲೇ ಇತ್ತು, ಮನೆಗಳಲ್ಲಿ ನಲ್ಲಿ ಇರಲಿಲ್ಲ. ಸೊಂಟ ನೋವಿನ ಹೆಂಡತಿ ಎದೆಲ್ಮಿರಾ ದಿನಕ್ಕೆ ನಾಲ್ಕು ಸಲ ನೂರಾ ಹನ್ನೆರಡು ಮೆಟ್ಟಿಲು ಇಳಿದು ಬಕೆಟು ಹೊತ್ತು ಹತ್ತುವುದನ್ನು ನೀರು ಕಚೇರಿಯ ನೌಕರನಾದ ಗಂಡ ನೋಡುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ, ಮೇ ತಿಂಗಳ ಮೊದಲ ವಾರದಲ್ಲಿ, ಬಡಾವಣೆಯ ಕೊನೆಯ ಓಣಿಯಲ್ಲಿ ಬಂಡೆಯ ಬುಡದಿಂದ ನೀರು ಜಿನುಗತೊಡಗಿತು. ಎರಡು ದಿನದಲ್ಲಿ ಅದು ತೋಳು ಗಾತ್ರದ ಧಾರೆಯಾಯಿತು. ಮೇ ಮೂರು ಪವಿತ್ರ ಶಿಲುಬೆಯ ಹಬ್ಬ. ಆ ದಿನ ನಮ್ಮಲ್ಲಿ ಬಾವಿ, ಬುಗ್ಗೆಗಳ ಬಳಿಯ ಶಿಲುಬೆಗಳಿಗೆಲ್ಲ ಕಾಗದದ ಹೂ ಕಟ್ಟುತ್ತಾರೆ. ಹಬ್ಬದ ಹೊತ್ತಿಗೇ ನೀರು ಬಂದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹೆರ್ಮಿಲೊ ಅವರ ಹಿರಿಮಗಳಿಗೆ ಜ್ಞಾನಸ್ನಾನದ ತಾಯಿಯಾಗಿ ನಿಂತಿದ್ದ ದೋನ್ಯಾ ಕ್ರೆಸೆನ್ಸಿಯಾ ತನ್ನ ಸ್ವಂತ ಖರ್ಚಿನಲ್ಲಿ ಶಿಲುಬೆ ನೆಡಿಸಿದಳು. ಗಂಡಸರು ಸೇರಿ ಸಿಮೆಂಟಿನ ತೊಟ್ಟಿ ಕಟ್ಟಿದರು.

ಹೆರ್ಮಿಲೊ ಮೂರನೆಯ ದಿನ ಒಬ್ಬರೇ ಸಲಾಕೆ ಹಿಡಿದು ಹೋದರು. ಬಂಡೆಗಿಂತ ಹತ್ತು ಹೆಜ್ಜೆ ಮೇಲೆ, ಕೊಳವೆಯ ಸಾಲಿನಲ್ಲಿ, ಚುಂಯ್ ಸದ್ದು ಕೇಳಿತು. ಖಾತ್ರಿಗೆಂದು ಒಂದು ಶೀಸೆಯಲ್ಲಿ ಧಾರೆಯ ನೀರು ಹಿಡಿದು ಪರೀಕ್ಷೆಯ ಹನಿ ಹಾಕಿದರು. ನೀರು ಹಳದಿಗೆ ತಿರುಗಿತು. ಕ್ಲೋರಿನ್ ಇತ್ತು. ಬಂಡೆಯೊಳಗಿನ ಬುಗ್ಗೆಗೆ ಕ್ಲೋರಿನ್ ಹಾಕುವವರು ಯಾರೂ ಇಲ್ಲ, ಅದನ್ನು ಬೆರೆಸುವುದು ಮೇಲಿನ ಟ್ಯಾಂಕಿನಲ್ಲಿ.

ವಾಸನೆ ಉಳಿದವರಿಗೂ ಬಂದಿತ್ತು.

"ಮೂಸಿ ನೋಡು ಕೊಂಪಾದ್ರೆ, ಆಸ್ಪತ್ರೆ ವಾಸ್ನೆ," ಎಂದಿದ್ದಳು ಕ್ರೆಸೆನ್ಸಿಯಾ. "ಔಷಧಿ ನೀರು ಇದು. ನನ್ನ ಮಂಡಿ ನೋವು ಎರಡೇ ದಿನಕ್ಕೆ ಹೋಯ್ತು."

"ಒಳ್ಳೇದಾಯ್ತು ಕೊಮಾದ್ರೆ," ಎಂದರು ಹೆರ್ಮಿಲೊ. ಜ್ಞಾನಸ್ನಾನದ ನಂಟಿನವರು ಒಬ್ಬರನ್ನೊಬ್ಬರು ಹಾಗೇ ಕರೆಯುವುದು.

ಕಚೇರಿಯ ಪುಸ್ತಕದಲ್ಲಿ ಅವರು ಬರೆದದ್ದು ಮೂರೇ ಮಾತು: ಬುಗ್ಗೆ, ಕೊಳವೆಗೆ ಸಂಬಂಧವಿಲ್ಲ. ಒಂದು ವಾರ ಹೆಂಡತಿಯ ಸೊಂಟಕ್ಕೆ ಬಿಡುವು ಸಿಗಲಿ, ಆಮೇಲೆ ತಿದ್ದಿದರಾಯಿತು ಎಂದುಕೊಂಡಿದ್ದರಂತೆ. ವಾರ ಕಳೆಯುವಷ್ಟರಲ್ಲಿ ಬಡಾವಣೆಯ ಮೂವತ್ತು ಮನೆಗಳು ಆ ತೊಟ್ಟಿಗೆ ಒಗ್ಗಿಕೊಂಡಿದ್ದವು. ಪ್ರತಿವರ್ಷ ಹಬ್ಬದ ದಿನ ಮೊದಲ ಕೊಡ ಎತ್ತುವ ಮರ್ಯಾದೆಯೂ ಅವರಿಗೇ ಬಂತು. "ನೀರಿನೋನು ನೀನೇ, ನೀನೇ ಎತ್ಬೇಕು," ಎಂದು ಕ್ರೆಸೆನ್ಸಿಯಾ ಎಲ್ಲರೆದುರು ಅವರ ತೋಳು ಹಿಡಿದು ಎಳೆಯುತ್ತಿದ್ದಳು. ಕೊಡ ಎತ್ತಿ ಕೊಟ್ಟು, ತಟ್ಟೆಗೆ ಬಡಿಸಿದ ಮೋಲೆ ಸಾರು ಮತ್ತು ಕೋಳಿಯನ್ನು ಅವರು ಗೋಡೆಯ ಪಕ್ಕ ನಿಂತೇ ತಿಂದು ಹೊರಡುತ್ತಿದ್ದರು. ದಣಿದಿರಬೇಕು ಎಂದು ಜನ ಅಂದುಕೊಳ್ಳುತ್ತಿದ್ದರು.

ನಗರಕ್ಕೆ ಹರಿದುಬರುವ ನೀರಿನಲ್ಲಿ ಅರ್ಧ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಕಚೇರಿಯ ಅಂದಿನ ಮುಖ್ಯಸ್ಥ ಇದಕ್ಕೊಂದು ಉತ್ತರ ಕಂಡುಕೊಂಡ. ಲಾ ಹೋಯಾದವರು ಕದಿಯುತ್ತಾರೆ. ಅರವತ್ತನಾಲ್ಕು ಹೆಸರುಗಳನ್ನು ಮಾರುಕಟ್ಟೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿ, ಮೇಲೆ 'ನೀರುಗಳ್ಳರು' ಎಂದು ಹಾಕಿಸಿದ. ನಲ್ಲಿಗಳನ್ನು ಕತ್ತರಿಸುವ ಕೆಲಸ ಹೆರ್ಮಿಲೊ ಅವರಿಗೆ ಬಿತ್ತು.

ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ಓದಿಲಿಯಾ ಸಾರ್ಮಿಯೆಂತೊ. ರೊಟ್ಟಿಗೆಂದು ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳ ಬೀಸುವ ಗಿರಣಿ ಅವಳದು. ಜೋಳ ತೊಳೆಯಲು ನೀರು ಬೇಕೇ ಬೇಕು. "ಕಳ್ಳ ಕೊಳವೆ ಎಲ್ಲಿದೆ ತೋರಿಸಿ ದೋನ್ ಹೆರ್ಮಿಲೊ, ನಾನೇ ಅಗೆದು ಕೊಡ್ತೀನಿ," ಎಂದು ಅವಳು ಗುದ್ದಲಿ ತಂದು ನಿಲ್ಲಿಸಿದಳು. ಅವರು ಅಂಗಳದಲ್ಲಿ ಸಲಾಕೆ ಊರಿ ಕೇಳಿದರು. ಏನೂ ಇರಲಿಲ್ಲ, ಒಣ ಮೌನ. ಆದರೂ ನಲ್ಲಿ ಕತ್ತರಿಸಿ, ಕೊಳವೆಯ ಬಾಯಿಗೆ ಸೀಸದ ಮುದ್ರೆ ಒತ್ತಿ ಬಂದರು. ಒಂದು ತಿಂಗಳಲ್ಲಿ ಗಿರಣಿ ಮುಚ್ಚಿತು.

ಕಳೆದ ವರ್ಷ ನಗರಕ್ಕೆ ಹೊಸ ಕೊಳವೆಗಾಗಿ ಹಣ ಕೊಡಲು ರಾಜ್ಯದ ಬ್ಯಾಂಕ್ ಒಪ್ಪಿತು. ಷರತ್ತು ಎರಡು: ನೀರು ಎಲ್ಲಿ ಪೋಲಾಗುತ್ತಿದೆ ಎಂದು ತೋರಿಸಬೇಕು, ಮತ್ತು ತಿಂಗಳಿಗೆ ನಲವತ್ತು ಪೆಸೊ ಹೆಚ್ಚು ಕಟ್ಟಲು ಜನ ಸಭೆಯಲ್ಲಿ ಒಪ್ಪಬೇಕು. ಇದನ್ನು ನೋಡಿಕೊಳ್ಳಲು ಬಂದ ಇಂಜಿನಿಯರ್ ಬೆರೆನಿಸೆ ಲುಗೊ ಮೂವತ್ತರ ಆಸುಪಾಸಿನವಳು. ಟ್ಯಾಂಕಿನ ಕೆಳಗೊಂದು, ಮಾರುಕಟ್ಟೆಯ ಮೇಲೊಂದು ಮೀಟರ್ ಕೂರಿಸಿದಳು. ಎರಡರ ನಡುವೆ ನೀರಿನ ಕಾಲು ಭಾಗ ಕಾಣೆಯಾಗುತ್ತಿತ್ತು. ಹೆರ್ಮಿಲೊ ಅವರನ್ನು ಕರೆದುಕೊಂಡು ಆ ಸಾಲಿನುದ್ದಕ್ಕೂ ನಡೆದಳು. ಅವರು ಇಪ್ಪತ್ತು ಹೆಜ್ಜೆಗೊಮ್ಮೆ ಸಲಾಕೆ ಊರಿದರು. ಶಿಲುಬೆಯ ಓಣಿಯಲ್ಲಿ ಮಾತ್ರ ಊರಲಿಲ್ಲ.

"ಇಲ್ಲಿ?" ಎಂದಳು ಇಂಜಿನಿಯರ್.

"ಇದು ಬುಗ್ಗೆ, ಇಂಜಿನಿಯರಮ್ಮ. ಪುಸ್ತಕದಲ್ಲಿದೆ."

"ನೀವು ಹೇಳಿದ್ಮೇಲೆ ಮುಗೀತು," ಎಂದು ಅವಳು ಮುಂದೆ ನಡೆದಳು. ಮೀಟರಿನ ಲೆಕ್ಕ ತಾಳೆಯಾಗದ್ದಕ್ಕೆ ಮೀಟರನ್ನೇ ದೂರಿದಳು. ವರದಿಯಲ್ಲಿ ಹಳೆಯ ಉತ್ತರವೇ ಮತ್ತೆ ಬಂತು. ಮೊದಲ ಕಂತಿನ ಹಣದಲ್ಲಿ ಲಾ ಹೋಯಾದ ಪ್ರತಿ ನಲ್ಲಿಗೆ ಬೀಗ ಹಾಕುವುದು, ದೊಡ್ಡ ಕೊಳವೆಯ ಕೆಲಸ ಆಮೇಲೆ.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಮುನ್ನೂರು ಜನ ಬಂದಿದ್ದರು. ನಲವತ್ತು ಪೆಸೊ ಎಂದೊಡನೆ ಗಲಾಟೆ ಎದ್ದಿತು.

"ಹೋಯಾದೋರು ಕದ್ದು ಕುಡೀಲಿ, ನಾವು ದುಡ್ಡು ಕಟ್ಟೋಣ! ಚೆನ್ನಾಗಿದೆ ನ್ಯಾಯ!" ಎಂದು ಮಾರುಕಟ್ಟೆಯ ಕಟುಕನೊಬ್ಬ ಕೂಗಿದ.

ಓದಿಲಿಯಾ ಎದ್ದು ನಿಂತಳು. "ಕದ್ದ ನೀರಲ್ಲಿ ದಿನಾ ಸ್ನಾನ ಮಾಡೋಳಾಗಿದ್ರೆ ಹಿಂಗೆ ನಾರ್ತಿದ್ನಾ? ಬಾರಪ್ಪಾ, ಹತ್ರ ಬಂದು ಮೂಸು. ನಿನ್ನ ಅಂಗಡಿ ಮಾಂಸ ಮೂಸಿ ಅಭ್ಯಾಸ ಇದ್ಯಲ್ಲ."

ಅಂಗಳವೆಲ್ಲ ನಕ್ಕಿತು. ಕಟುಕನೂ ನಕ್ಕ. ಓದಿಲಿಯಾ ನಗಲಿಲ್ಲ.

"ನನ್ನ ಮಾತು ನಂಬಬೇಡಿ. ಅಗೋ, ದೋನ್ ಹೆರ್ಮಿಲೊ ಅಲ್ಲಿದಾರೆ. ನಮ್ಮನೆ ನಲ್ಲಿ ಕತ್ತರಿಸಿದ್ದು ಅವರೇ. ಕತ್ತರಿಸೋಕೆ ಮುಂಚೆ ಕಿವಿ ಇಟ್ಟು ಕೇಳಿದ್ರು. ಏನು ಕೇಳಿಸ್ತು ಅಂತ ಅವರೇ ಹೇಳ್ಲಿ. ಅವರು ಸುಳ್ಳು ಹೇಳೋ ಮನುಷ್ಯ ಅಲ್ಲ."

ಹೆರ್ಮಿಲೊ ಹಿಂದಿನ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದರು. ಕಳ್ಳ ಎಂದು ಅವಳು ಬೈದಿದ್ದರೆ ಸುಮ್ಮನೆ ಕೂತಿರುತ್ತಿದ್ದೆ ಎಂದು ಅವರು ಆಮೇಲೆ ಹೇಳಿದರು. ಎದ್ದಾಗ ಟೊಪ್ಪಿಗೆ ಕೈಯಲ್ಲಿತ್ತು.

"ಅವಳ ಮನೇಲಿ ಏನೂ ಕೇಳಿಸ್ಲಿಲ್ಲ. ಅಲ್ಲಿ ಕಳ್ಳ ಕೊಳವೆ ಇರ್ಲಿಲ್ಲ." ಟೊಪ್ಪಿಗೆಯನ್ನು ಬೆಂಚಿನ ಮೇಲಿಟ್ಟರು. "ನಮ್ಮ ಶಿಲುಬೆ ಹತ್ರ ಬರೋದು ಬುಗ್ಗೆ ಅಲ್ಲ. ದೊಡ್ಡ ಕೊಳವೆ ಒಡ್ದಿದೆ. ಮೂರನೇ ದಿನಾನೇ ನನಗೆ ಗೊತ್ತಾಗಿತ್ತು."

"ಬೆಳಗ್ಗೆ ಬೆಳಗ್ಗೇನೇ ಕುಡ್ದಿದ್ದೀಯಾ ಕೊಂಪಾದ್ರೆ?" ಎಂದಳು ಮುಂದಿನ ಸಾಲಿನಿಂದ ಕ್ರೆಸೆನ್ಸಿಯಾ.

"ಇಲ್ಲ ಕೊಮಾದ್ರೆ."

"ನನ್ನ ಮಂಡಿ?"

"ಅದು ಕ್ಲೋರಿನ್ ವಾಸ್ನೆ, ಕೊಮಾದ್ರೆ. ಟ್ಯಾಂಕಿಂದು."

ಈ ಸಲ ಯಾರೂ ನಗಲಿಲ್ಲ. ಇಂಜಿನಿಯರ್ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಓದಿಲಿಯಾ ಇನ್ನೂ ನಿಂತೇ ಇದ್ದಳು.

"ನಮ್ಮನೆ ನಲ್ಲಿ ಕತ್ತರಿಸೋವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕೂತಳು.

ಆಮೇಲಿನದು ಕಾಗದಪತ್ರದ ಕೆಲಸ. ಸಭೆ ಎರಡು ವಾರ ಮುಂದಕ್ಕೆ ಹೋಯಿತು, ವರದಿ ಹೊಸದಾಗಿ ಬರೆಯಲಾಯಿತು. ಲಾ ಹೋಯಾಕ್ಕೆ ಮೂರು ದಿನಕ್ಕೊಮ್ಮೆ ನೀರು ಬಂದ ಮೇಲೆಯೇ ನಲವತ್ತು ಪೆಸೊ ಎಂದು ಜನ ಹಟ ಹಿಡಿದರು, ಬ್ಯಾಂಕ್ ಒಪ್ಪಿತು. ಮೊದಲ ಕಂತು ದೊಡ್ಡ ಕೊಳವೆಗೆ ಹೋಯಿತು. ಅಗೆದಾಗ ಕೊಳವೆಯಲ್ಲಿ ಮೊಳಕೈಯುದ್ದದ ಬಿರುಕು ಸಿಕ್ಕಿತು. ಅದನ್ನು ಬದಲಿಸಿದ ಮಧ್ಯಾಹ್ನವೇ ತೊಟ್ಟಿ ಬತ್ತಿತು. ಪೇನ್ಯಾ ಬ್ಲಾಂಕಾಕ್ಕೆ ನಲ್ಲಿ ಬರುವುದು ಎರಡನೆಯ ಕಂತಿನಲ್ಲಿ, ಅಲ್ಲಿಯವರೆಗೆ ಟ್ಯಾಂಕರ್. ಟ್ಯಾಂಕರ್ ಮೆಟ್ಟಿಲು ಹತ್ತುವುದಿಲ್ಲ. ಎದೆಲ್ಮಿರಾಳ ಬಕೆಟುಗಳನ್ನು ಈಗ ಹೆರ್ಮಿಲೊ ಹೊರುತ್ತಾರೆ. ಎದುರಾದ ನೆರೆಯವರು ದಾರಿ ಬಿಡುತ್ತಾರೆ, ನಮಸ್ಕಾರ ಹೇಳುವುದಿಲ್ಲ. ಕ್ರೆಸೆನ್ಸಿಯಾ ಒಣ ತೊಟ್ಟಿಯ ಬಳಿಯ ಶಿಲುಬೆಗೆ ಈ ವರ್ಷವೂ ಹೂ ಕಟ್ಟಿದಳು. ಅವರನ್ನು ಕರೆಯಲಿಲ್ಲ.

ಕಚೇರಿ ಅವರನ್ನು ತೆಗೆದುಹಾಕಲಿಲ್ಲ, ಹದಿನೈದು ದಿನದ ಸಂಬಳ ಹಿಡಿಯಿತು. ಶಿಕ್ಷೆ ಅಷ್ಟಕ್ಕೇ ಮುಗಿದದ್ದು ಅವರಿಗೆ ಇನ್ನೂ ಕಷ್ಟವಾಯಿತು. ಮಾರುಕಟ್ಟೆಯ ಗೋಡೆಗೆ ಸುಣ್ಣ ಬಳಿಯುವ ಕೆಲಸ ತಾವೇ ಕೇಳಿ ಪಡೆದರು. ಕೆಂಪು ಅಕ್ಷರಗಳು ಮುಚ್ಚಲು ಮೂರು ಸಲ ಬಳಿಯಬೇಕಾಯಿತು. ಸಂತೆಗೆ ಬಂದವರು ಬುಟ್ಟಿ ಇಳಿಸಿ ನೋಡುತ್ತ ನಿಂತಿದ್ದರು. ಆಮೇಲೆ ಅರವತ್ತನಾಲ್ಕು ನಲ್ಲಿಗಳನ್ನೂ ತಾವೇ ಜೋಡಿಸುವುದಾಗಿ ಹೇಳಿದರು.

ಓದಿಲಿಯಾಳ ಮನೆಗೆ ಅವರು ಹೋದದ್ದು ಒಂದು ಮಂಗಳವಾರ. ಅವಳು ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಹೊದಿಕೆ ಹಾಕಿದ ಗಿರಣಿಯ ಪಕ್ಕದಲ್ಲಿ ಮಂಡಿಯೂರಿ ಅವರು ಸೀಸದ ಮುದ್ರೆ ಒಡೆದರು, ಹೊಸ ನಲ್ಲಿ ತಿರುಗಿಸಿ ಬಿಗಿದರು. ಮೊದಲು ಗಾಳಿ ಬಂತು, ಆಮೇಲೆ ಕಂದು ನೀರು, ಆಮೇಲೆ ತಿಳಿ ನೀರು. ಅವಳು ಅದರಡಿ ಒಂದು ಪಾತ್ರೆ ಇಟ್ಟು ತುಂಬುವವರೆಗೆ ನೋಡಿದಳು.

"ಓದಿಲಿಯಾ, ನಾನು..." ಎಂದರು ಅವರು.

"ಸಹಿ ಎಲ್ಲಿ ಹಾಕ್ಬೇಕು?"

ಅವರು ಹಾಳೆ ಚಾಚಿದರು. ಅವಳು ನಿಧಾನವಾಗಿ ಪೂರ್ತಿ ಹೆಸರು ಬರೆದಳು.

"ನಲ್ಲಿ ಸರಿಯಾಗಿದೆ. ಮುಂದೆ ಏನಾದ್ರೂ ರಿಪೇರಿ ಇದ್ರೆ ಬೇರೆ ಯಾರನ್ನಾದ್ರೂ ಕಳಿಸೋಕೆ ಹೇಳಿ, ದೋನ್ ಹೆರ್ಮಿಲೊ."

"ಹೇಳ್ತೀನಿ," ಎಂದರು ಅವರು. ಸಲಕರಣೆಗಳನ್ನು ಚೀಲಕ್ಕೆ ತುಂಬಿ, ಹದಿಮೂರನೆಯ ಮನೆಯ ಬಾಗಿಲು ತಟ್ಟಲು ಹೊರಟರು.