ಶಾವಿಗೆ ಮಣೆಯ ಮುಂದೆ ಓಬಕ್ಕನ ಓದು

ಓಬಕ್ಕ ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ತೀರಿಕೊಂಡವರನ್ನೆಲ್ಲ ದೇವರು ಮಾಡುವ ಚಾಳಿ ನನಗಿಲ್ಲ. ಪಕ್ಕದ ಮನೆಯ ಒಗ್ಗರಣೆ ಘಮ್ಮೆಂದರೂ ಅವಳು ಮುಖ ಗಂಟು ಹಾಕಿಕೊಳ್ಳುತ್ತಿದ್ದಳು. ಆದರೆ ದಾವಣಗೆರೆಯ ನಮ್ಮ ವಠಾರದಲ್ಲಿ ಕಾದಂಬರಿಯ ರುಚಿ ಹತ್ತಿಸಿದವಳೂ ಅವಳೇ.

ಅರವತ್ತನೇ ಇಸವಿಯ ಆಚೀಚಿನ ಮಾತು. ನಾವೆಲ್ಲ ಆವರಗೆರೆ, ಸಾರಥಿ ಕಡೆಯ ಹೊಲಮನೆಯವರು, ಗಂಡಂದಿರು ಹತ್ತಿ ಗಿರಣಿಗೆ ಹೋಗುತ್ತಿದ್ದರು. ಹೆಂಗಸರಲ್ಲಿ ಅಕ್ಷರ ಬಲ್ಲವಳು ಓಬಕ್ಕ ಒಬ್ಬಳೇ, ಅದೂ ನಾಲ್ಕನೇ ಇಯತ್ತೆ. ಬೇಸಿಗೆಯ ಮಧ್ಯಾಹ್ನ ಬೇವಿನ ನೆರಳಿನಲ್ಲಿ ಎಲ್ಲರೂ ಸೇರಿ ಶಾವಿಗೆ ಹೊಸೆಯುತ್ತಿದ್ದೆವು. ಓಬಕ್ಕ ಮಾತ್ರ ಹಿಟ್ಟು ಮುಟ್ಟುತ್ತಿರಲಿಲ್ಲ. ಗಂಡ ಹಾಲೇಶಪ್ಪ ವಾಚನಾಲಯದಿಂದ ತಂದ ಕಾದಂಬರಿಯನ್ನು ಅವಳು ಗಟ್ಟಿಯಾಗಿ ಓದಬೇಕು, ಅವಳ ಮನೆಯ ಶಾವಿಗೆಯನ್ನು ನಾವು ಹೊಸೆದುಕೊಡಬೇಕು. ಅದು ವಠಾರದ ಕಟ್ಟಳೆ.

ಯಾವ ಕಾದಂಬರಿ ಒಳ್ಳೆಯದು, ಯಾವುದು ದಂಡ ಎಂದು ತೀರ್ಪು ಕೊಡುವವಳೂ ಅವಳೇ. “ಆ ಪುಣ್ಯಾತ್ಮ ಬರ್ದಿದ್ದು ಬ್ಯಾಡವೇ ಬ್ಯಾಡ. ಹಾಳೆಗಟ್ಟಲೆ ಚಂದ್ರನ್ನೇ ಬರೀತಾನೆ. ಆ ಮನ್ಯಾಗೆ ಒಲಿ ಹತ್ತೈತೋ ಇಲ್ಲೋ, ಒಂದು ಮಾತಿಲ್ಲ,” ಎನ್ನುವಳು. ನಳದ ಹತ್ತಿರ ನಾವು ಅದೇ ಮಾತನ್ನು ನಮ್ಮದೇ ಎಂಬಂತೆ ಹೇಳಿಕೊಂಡು ಬೀಗುತ್ತಿದ್ದೆವು.

ಅಷ್ಟರಲ್ಲಿ ಹರಿಹರದಿಂದ ರಹೀಮುನ್ನೀಸಾ ವಠಾರಕ್ಕೆ ಸಂಸಾರ ಹೂಡಲು ಬಂದಳು. ಗಂಡ ಗಿರಣಿಯಲ್ಲಿ ಫಿಟ್ಟರ್. ಹೈಸ್ಕೂಲಿನವರೆಗೂ ಕನ್ನಡದಲ್ಲೇ ಓದಿದ ಹುಡುಗಿ. ಓಬಕ್ಕನ ಗಂಟಲು ಕೆಟ್ಟ ಒಂದು ದಿನ, “ನಾನು ಓದ್ಲಾ?” ಎಂದು ಅವಳು ಪುಸ್ತಕ ತೆಗೆದುಕೊಂಡಳು. ಅಬ್ಬಬ್ಬಾ, ಏನು ಓದು! ಅತ್ತೆಯ ಮಾತಿಗೆ ಅತ್ತೆಯ ದನಿ, ಮುದುಕನ ಮಾತಿಗೆ ಮುದುಕನ ಕೆಮ್ಮು.

“ಏ ತಂಗಿ, ನಾಳಿಗೂ ನೀನೇ ಓದವ್ವ,” ಎಂದಳು ನಮ್ಮ ಜೊತೆ ಶಾವಿಗೆ ಹೊಸೆಯುತ್ತಿದ್ದ ಕರಿಯವ್ವ.

ಓಬಕ್ಕ ಸರಸರನೆ ನನ್ನ ಪಕ್ಕಕ್ಕೆ ಸರಿದಳು. “ಅದು ಓದಲ್ಲ ಕಮಲಕ್ಕ, ಬರೀ ನಾಟಕ,” ಎಂದು ನನ್ನ ಕಿವಿಯಲ್ಲಿ ಉರಿದಳು.

ಮುಂದೆ ಯಾವ ಕಾದಂಬರಿ ತರಿಸೋಣ ಎಂದೂ ಎಲ್ಲರೂ ಆ ಹುಡುಗಿಯನ್ನೇ ಕೇಳತೊಡಗಿದರು. “ಅಳಿಸಬೇಕ್ರಿ ಅಕ್ಕ, ಅದೇ ಒಳ್ಳೆ ಕಾದಂಬರಿ,” ಎಂದಳು ರಹೀಮುನ್ನೀಸಾ.

“ಅಳಾಕೆ ಕಾದಂಬರಿ ಯಾಕ? ಈರುಳ್ಳಿ ಸಾಲ್ದಾ?” ಎಂದಳು ಓಬಕ್ಕ. ಯಾರೂ ನಗಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ, ಮೈಮೇಲೆ ಒಡವೆ ಇರಲಿಲ್ಲ. ಇದ್ದದ್ದು ಆ ಓದುವ ಜಾಗ ಒಂದೇ, ಅದೂ ಕೈಬಿಡುತ್ತಿತ್ತು.

ಅದನ್ನು ಉಳಿಸಿಕೊಳ್ಳಲು, ಹಿಂದಿನ ವರ್ಷ ತಾನೇ ಓದಿ ನಾವೆಲ್ಲ ಮೆಚ್ಚಿದ್ದ ಕಾದಂಬರಿಯನ್ನು ಗಂಡನಿಂದ ಮತ್ತೆ ತರಿಸಿದಳು. ಸುಮಿತ್ರೆ ಎಂಬ ಬಡವರ ಮನೆಯ ಹುಡುಗಿಯ ಕಥೆ ಅದು. “ಇದರಂಥಾದ್ದು ಒಂದು ತಂದು ತೋರಿಸ್ಲಿ ನೋಡಾನ,” ಎಂದು ಪುಸ್ತಕವನ್ನು ಎತ್ತಿ ಹಿಡಿದಳು.

ರಹೀಮುನ್ನೀಸಾಳ ಮುಖ ಅರಳಿತು. “ನಾನೂ ಓದೀನ್ರಿ! ಕೊನಿಗೆ ಸುಮಿತ್ರೆ ಹೆರಿಗ್ಯಾಗೆ ಸಾಯ್ತಾಳಲ್ಲ, ಊಟ ಬಿಟ್ಟು ಅತ್ತಿದ್ದೆ.”

“ಯಾರು ಸಾಯೋದು?” ಎಂದು ಕರಿಯವ್ವ ಮೇಲೆ ಬಿದ್ದಳು. “ಮಗೀನ ತೊಟ್ಲಿಗೆ ಹಾಕಿ ಹೆಸರಿಡ್ತಾಳೆ. ನಾವೆಲ್ಲ ಕೇಳೀವಿ!”

ಜಗಳವೇ ಹತ್ತಿತು. ಓಬಕ್ಕ ಪುಸ್ತಕವನ್ನು ಸೆರಗಿನೊಳಗೆ ಅವುಚಿಕೊಂಡಳು. ಕರಿಯವ್ವ ಬಿಡುವವಳೇ? ಹಿಟ್ಟಿನ ಕೈಯಲ್ಲೇ ಕಿತ್ತು ರಹೀಮುನ್ನೀಸಾಗೆ ಕೊಟ್ಟಳು. ಅವಳು ಕೊನೆಯ ಪುಟ ತೆಗೆದು ಓದಿದಳು. ಸುಮಿತ್ರೆಯೂ ಸತ್ತಿದ್ದಳು, ಕೂಸೂ ಸತ್ತಿತ್ತು.

“ಹಂಗಾರೆ ನಮಗೆಲ್ಲ ಸುಳ್ಳು ಓದಿದ್ಯಾ?” ಎಂದಳು ಕರಿಯವ್ವ.

ಶಾವಿಗೆಯ ಎಳೆ ಹಿಡಿದು ಕೋಲಿಗೆ ಹಾಕುತ್ತಿದ್ದ ದುರುಗವ್ವನ ಕೈ ನಿಂತಿತು. ಹಿಂದಿನ ವರ್ಷ ಈ ಕಾದಂಬರಿಯ ಓದು ನಡೆದಾಗ, ಅವಳ ಒಬ್ಬಳೇ ಮಗಳು ಹೆರಿಗೆಯಲ್ಲೇ ಕಣ್ಣು ಮುಚ್ಚಿ ಇನ್ನೂ ತಿಂಗಳಾಗಿರಲಿಲ್ಲ. ಓಬಕ್ಕ ಸುಳ್ಳು ಓದಿದ್ದು ಯಾಕೆಂದು ನನಗೆ ಆಗ ತಿಳಿಯಿತು.

ಆ ಕಾರಣ ಹೇಳಿಬಿಟ್ಟಿದ್ದರೆ ಓಬಕ್ಕನೇ ಗೆಲ್ಲುತ್ತಿದ್ದಳು. ಮಾತು ತುಟಿಯವರೆಗೂ ಬಂದಿತ್ತು, ನಾನು ಕಂಡೆ. ದುರುಗವ್ವನ ಕಡೆ ಒಮ್ಮೆ ನೋಡಿ ನುಂಗಿಕೊಂಡಳು.

“ನಂಗೆ ಓದಾಕೆ ಸರಿಯಾಗಿ ಬರಲ್ಲವ್ವ,” ಎಂದಳು. “ಇನ್ನು ಮ್ಯಾಲೆ ಅವಳೇ ಓದ್ಲಿ.” ಸೀರೆ ಎತ್ತಿ ಕಟ್ಟಿ ಹಿಟ್ಟಿಗೆ ಕೈ ಹಾಕಿದಳು.

ದುರುಗವ್ವ ಎದ್ದು ಬಂದು ರಹೀಮುನ್ನೀಸಾಳ ಕೈಯಿಂದ ಪುಸ್ತಕ ತೆಗೆದುಕೊಂಡಳು. ಅದನ್ನು ಓಬಕ್ಕನ ತೊಡೆಯ ಮೇಲಿಟ್ಟಳು. “ಕೈ ತೊಳ್ಕೊಂಡು ನೀ ಓದು. ಹೋದ ಸಲ ಓದಿದಂಗೆ ಓದು.”

ರಹೀಮುನ್ನೀಸಾ ಏನೂ ತಿಳಿಯದೆ ನನ್ನತ್ತ ನೋಡಿದಳು. ದುರುಗವ್ವನ ಮಗಳ ಸುದ್ದಿಯನ್ನು ನಾನು ಅವಳ ಕಿವಿಯಲ್ಲಿ ಹೇಳಿದೆ. ಹುಡುಗಿ ಬಿಳಿಚಿಕೊಂಡು, ಮೆಲ್ಲಗೆ ಓಬಕ್ಕನ ಪಕ್ಕಕ್ಕೆ ಸರಿದು ಕೂತಳು. ಪುಟ ಅವಳಿಗೂ ಕಾಣುತ್ತಿತ್ತು.

“ಸುಮಿತ್ರೆ ಕಣ್ಣು ತೆರೆದಳು,” ಎಂದು ಓಬಕ್ಕ ಓದಿದಳು. “ಸೂಲಗಿತ್ತಿಯು...” ಮುಂದಕ್ಕೆ ಹೋಗಲಾಗಲಿಲ್ಲ.

ರಹೀಮುನ್ನೀಸಾ ಪುಟದ ಮೇಲೆ ಬೆರಳಿಟ್ಟಳು. “ಇಲ್ಲೈತಲ್ಲ ಓಬಕ್ಕ, ‘ಮಗು ಕಿಟಾರನೆ ಅತ್ತಿತು’ ಅಂತ.”

ಓಬಕ್ಕ ಆ ಬೆರಳನ್ನು ತಳ್ಳಿದಳು. “ನಂಗೂ ಕಣ್ಣದಾವೆ. ನೀ ಸುಮ್ನೆ ಶಾವಿಗಿ ಹೊಸಿ,” ಎಂದು ಗದರಿಸಿ, ಮುಂದೆ ಓದಿದಳು.